ಎರೆಮಣ್ಣು, ಎಳೆಯ ಕೈ

ಕೆಟ್ಟು ಮೂಲೆ ಸೇರಿದ ಹಳೆಯ ರೇಡಿಯೊದಿಂದ ಮಕ್ಕಳು ಮೊದಲು ಕಳಚುವುದು ಸ್ಪೀಕರಿನ ಅಯಸ್ಕಾಂತವನ್ನು. ಅದಕ್ಕೊಂದು ದಾರ ಕಟ್ಟಿ ಓಣಿಯ ಮರಳಿನಲ್ಲಿ ಎಳೆದುಕೊಂಡು ಹೋದರೆ ಮೈತುಂಬ ಕರಿಯ ಪುಡಿ ಮೆತ್ತಿಕೊಳ್ಳುತ್ತದೆ. ಪುಡಿಯನ್ನು ಕಾಗದದ ಮೇಲೆ ಹರಡಿ, ಅಡಿಯಿಂದ ಅಯಸ್ಕಾಂತ ಆಡಿಸಿದರೆ ಅದು ಎದ್ದು ಕುಣಿಯುತ್ತದೆ. ರಾಯಚೂರು ಜಿಲ್ಲೆಯ ಅರಕೇರಾದ ಓಣಿಯಿರಲಿ, ದೇವದುರ್ಗ ಮಾನ್ವಿ ಕಡೆಯ ಇನ್ನಾವ ಹಳ್ಳಿಯಿರಲಿ, ಮಳೆನೀರು ಹರಿದು ಮರಳು ಕೂತ ಕಡೆ ಈ ಆಟ ನಡೆಯುತ್ತದೆ. ಇದನ್ನು ಯಾವ ಪಠ್ಯಪುಸ್ತಕವೂ ಮಕ್ಕಳಿಗೆ ಕಲಿಸಬೇಕಾಗಿಲ್ಲ.

ಆ ಪುಡಿಯ ಬಹುಪಾಲು ಮ್ಯಾಗ್ನೆಟೈಟ್ ಎಂಬ ಖನಿಜ; ಕಬ್ಬಿಣ, ಆಮ್ಲಜನಕ ಕೂಡಿ ಆದದ್ದು. ಮಸಾರಿ ಹೊಲದ ಕೆಂಪು ಕೂಡ ಕಬ್ಬಿಣದ್ದೇ. ಅಲ್ಲಿ ಅದು ತುಕ್ಕಿನ ರೂಪದಲ್ಲಿ ಮಣ್ಣಿನ ಕಣಕಣಕ್ಕೂ ಅಂಟಿಕೊಂಡಿರುತ್ತದೆ. ಭೂಮಿಯ ಹೊರಪದರವನ್ನು ತೂಗಿದರೆ ನೂರಕ್ಕೆ ಸುಮಾರು 5 ಪಾಲು ಕಬ್ಬಿಣವೇ ಇದೆ. ಇನ್ನೊಂದು ಕಡೆಯ ಲೆಕ್ಕ ಹೀಗಿದೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಆರು ತಿಂಗಳು ತುಂಬಿದ, ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ಅದಕ್ಕೆ ಕಾರಣಗಳು ಹಲವು. ಅವುಗಳಲ್ಲಿ ದೊಡ್ಡದು ಕಬ್ಬಿಣದ ಕೊರತೆ. ಕಾಲಡಿಯ ಮಣ್ಣಿನಲ್ಲಿ ರಾಶಿ ಕಬ್ಬಿಣ. ಆ ಮಣ್ಣಲ್ಲಿ ಆಡುವ ಕೂಸಿನ ರಕ್ತದಲ್ಲಿ ಅದಕ್ಕೇ ಬರ. ಈ ಎರಡರ ನಡುವಿನ ದಾರಿ ಗಿಡದ ಬೇರಿನಿಂದ ಹೊರಟು ಮಗುವಿನ ತಾಟಿನವರೆಗೆ ಹೋಗುತ್ತದೆ. ಅದನ್ನು ಕಣ್ಣಾರೆ ಕಾಣಲು ಅಂಗನವಾಡಿಯ ಇಲ್ಲವೇ ಶಾಲೆಯ ಅಂಗಳದಲ್ಲಿ ಮಕ್ಕಳೇ ಮಾಡಿದ ಒಂದು ಕಾಯಿಪಲ್ಲೆಯ ಮಡಿ ಸಾಕು. ಈ ಅಧ್ಯಾಯ ಅಂಥ ಒಂದು ಮಡಿಯ ಕುರಿತದ್ದು.

ಕೃಷ್ಣಾ ತುಂಗಭದ್ರಾ ನದಿಗಳ ನಡುವಿನ ಈ ಸೀಮೆಯಲ್ಲಿ ಎರಡು ಬಗೆಯ ನೆಲ ಒಂದರ ಪಕ್ಕ ಒಂದು ಬರುತ್ತವೆ. ತಗ್ಗಿನಲ್ಲಿ ಕರಿಯ ಎರೆ, ದಿನ್ನೆಯ ಮೇಲೆ ಕೆಂಪು ಮಸಾರಿ. ಹತ್ತಿ, ತೊಗರಿ, ಹಿಂಗಾರಿ ಜೋಳ ಎರೆಯನ್ನು ನೆಚ್ಚಿದ ಬೆಳೆಗಳು. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಹರಿದ ಕಡೆ ಭತ್ತವೂ ಬಂದಿದೆ. ಮಳೆ ವರ್ಷಕ್ಕೆ 600–700 ಮಿಲಿಮೀಟರಿನ ಆಸುಪಾಸು. ಅದರ ದೊಡ್ಡ ಪಾಲು ಜೂನ್‌ನಿಂದ ಅಕ್ಟೋಬರ್‌ ಒಳಗೆ ಬಿದ್ದು ಮುಗಿಯುತ್ತದೆ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಇಲ್ಲಿ ಸುದ್ದಿಯೇ ಅಲ್ಲ. ತರಕಾರಿ ತೋಟದ ಪುಸ್ತಕಗಳು ಬಹುಮಟ್ಟಿಗೆ ತಂಪು ಊರುಗಳನ್ನು ನೋಡಿ ಬರೆದಂಥವು. ಅವುಗಳನ್ನು ಓದಿ ಇಲ್ಲಿ ಬಿತ್ತಿದರೆ ಮಕ್ಕಳ ಉಮೇದು ಮೊದಲ ತಿಂಗಳಲ್ಲೇ ಬಾಡುತ್ತದೆ. ಅದಕ್ಕೇ ಮೊದಲು ಮಣ್ಣಿನ ಗುಣ ತಿಳಿಯಬೇಕು.

ಎರೆಮಣ್ಣಿನ ಗುಣವನ್ನು ಈ ಭಾಗದ ಮಕ್ಕಳಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬರುವ ಹೊತ್ತಿಗೆ ಶಾಲೆ ಶುರುವಾಗಿರುತ್ತದೆ. ಎತ್ತು ಮಾಡಲು ಎರೆಮಣ್ಣೇ ಬೇಕು ಎಂಬುದು ಐದು ವರ್ಷದ ಮಗುವಿಗೂ ಗೊತ್ತು. ಮಸಾರಿ ಮಣ್ಣಿನಲ್ಲಿ ಮಾಡಿದ ಎತ್ತಿನ ಕೊಂಬು ಒಣಗುವ ಮೊದಲೇ ಉದುರುತ್ತದೆ. ಎರೆಮಣ್ಣನ್ನು ಕಲಸಿ ನಾದಿ ಹೊಸೆದರೆ ಕೊಂಬು ನೆಟ್ಟಗೆ ನಿಲ್ಲುತ್ತದೆ. ಆದರೆ ಎರಡು ದಿನ ಬಿಸಿಲು ತಾಕಿದರೆ ಎತ್ತಿನ ಹೊಟ್ಟೆ ಸೀಳು ಬಿಡುತ್ತದೆ. ಮಣ್ಣುವಿಜ್ಞಾನದ ಮೊದಲ ಪಾಠ ಅಷ್ಟರಲ್ಲೇ ಇದೆ. ಜೇಡಿಯ ಕಣ ಒಂದು ಮಿಲಿಮೀಟರಿನ ಐನೂರನೇ ಒಂದು ಭಾಗಕ್ಕಿಂತಲೂ ಸಣ್ಣದು. ಎರೆಯಲ್ಲಿ ಹೆಚ್ಚಾಗಿರುವ ಜೇಡಿಯ ಕಣದೊಳಗೆ ತೆಳ್ಳನೆಯ ಹಾಳೆಗಳು, ಬುಟ್ಟಿಯಲ್ಲಿ ಪೇರಿಸಿಟ್ಟ ಜೋಳದ ರೊಟ್ಟಿಯಂತೆ, ಒಂದರ ಮೇಲೊಂದು ಕೂತಿರುತ್ತವೆ. ಹಾಳೆಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ. ನೀರು ಬಿಟ್ಟುಹೋದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಎರೆಹೊಲದ ಬಿರುಕಿನಲ್ಲಿ ಮಗುವಿನ ಇಡೀ ಕೈ ಇಳಿಯುತ್ತದೆ. ಎಳೆಯ ಸಸಿಯ ಬೇರು ಆ ಬಿರುಕಿನಲ್ಲಿ ಹರಿದುಹೋಗುತ್ತದೆ.

ಎರೆಯಲ್ಲಿ ಇನ್ನೊಂದು ವಸ್ತು ಇದೆ. ಒಣಗಿದ ಹೆಂಟೆ ಒಡೆದರೆ ಒಳಗೆ ಬೂದಿಬಿಳುಪಿನ ಸುಣ್ಣದ ಹರಳು ಸಿಗುತ್ತವೆ. ನಾಲ್ಕು ಹರಳನ್ನು ತೊಳೆದು ಬಟ್ಟಲಲ್ಲಿಟ್ಟು ಅದರ ಮೇಲೆ ನಿಂಬೆಹಣ್ಣು ಹಿಂಡಲು ಮಕ್ಕಳಿಗೆ ಹೇಳಿ. ಸಣ್ಣಗೆ ನೊರೆ ಏಳುತ್ತದೆ. ಕಿವಿ ಹತ್ತಿರ ತಂದರೆ ಸುಂಯ್ ಎನ್ನುವುದೂ ಕೇಳೀತು. ಹುಳಿ ತಾಕಿ ಸುಣ್ಣ ಕರಗಿ, ಇಂಗಾಲದ ಡೈ ಆಕ್ಸೈಡ್ ಹೊರಬೀಳುತ್ತಿದೆ. ಕಬ್ಬಿಣದ ಗುಟ್ಟು ಇರುವುದು ಈ ಸುಣ್ಣದಲ್ಲಿ. ಸುಣ್ಣ ಇರುವ ಮಣ್ಣು ಹುಳಿಗೆ ವಿರುದ್ಧ, ಅಂದರೆ ಕ್ಷಾರ. ಅದರ ಪಿಎಚ್ 8ರ ಆಚೆಈಚೆ ಇರುತ್ತದೆ. ಪಿಎಚ್ ಒಂದು ಅಂಕ ಏರಿದರೆ ನೀರಿನಲ್ಲಿ ಕರಗಿ ನಿಲ್ಲಬಲ್ಲ ಕಬ್ಬಿಣ ಸಾವಿರ ಪಟ್ಟು ಇಳಿಯುತ್ತದೆ. ಗಿಡ ಕುಡಿಯುವುದು ಕರಗಿದ್ದನ್ನು ಮಾತ್ರ. ಹೀಗಾಗಿ ಕಬ್ಬಿಣದ ಗಣಿಯ ಮೇಲೆ ನಿಂತ ಗಿಡವೂ ಕಬ್ಬಿಣವಿಲ್ಲದೆ ಹಳದಿ ತಿರುಗಬಹುದು. ಸುಣ್ಣದ ನೆಲದಲ್ಲಿ ಶೇಂಗಾ ಹಳದಿಯಾಗುವುದನ್ನು ಈ ಸೀಮೆಯ ರೈತರು ನೋಡಿದ್ದಾರೆ.

ಗಿಡ ಇದಕ್ಕೆ ಸುಮ್ಮನೆ ತಲೆಬಾಗುವುದಿಲ್ಲ. ಬದನೆ, ಬೆಂಡೆ, ಮೆಂತೆ ಮೊದಲಾದ ದ್ವಿದಳ ಗಿಡಗಳಿಗೆ ಕಬ್ಬಿಣ ಸಾಲದೆ ಹೋದಾಗ ಅವುಗಳ ಬೇರು ತಾನೇ ಹುಳಿ ಸ್ರವಿಸಿ ಸುತ್ತಲಿನ ಮಣ್ಣನ್ನು ಕರಗಿಸಿಕೊಳ್ಳುತ್ತದೆ. ಮಕ್ಕಳು ಬಟ್ಟಲಲ್ಲಿ ನಿಂಬೆ ಹಿಂಡಿ ಮಾಡಿದ ಕೆಲಸವನ್ನೇ ಬೇರು ನೆಲದಡಿಯಲ್ಲಿ ಮಾಡುತ್ತದೆ. ಹುಲ್ಲಿನ ಜಾತಿಯವು ಬೇರೆ ಉಪಾಯ ಹೂಡುತ್ತವೆ. ಗೋಧಿ, ಬಾರ್ಲಿಯ ಬೇರುಗಳು ಕಬ್ಬಿಣವನ್ನು ಹಿಡಿದು ತರುವ ಒಂದು ಅಂಟುರಸ ಕಳಿಸುತ್ತವೆ. ಜೋಳವೂ ಅದೇ ಕುಲದ್ದಾದರೂ ಈ ವಿದ್ಯೆಯಲ್ಲಿ ಅಷ್ಟು ಗಟ್ಟಿಯಲ್ಲ. ಮಡಿಯಲ್ಲಿ ಎಲೆ ಹಳದಿಯಾದರೆ ಮಕ್ಕಳೇ ಕಾರಣ ಹುಡುಕಬಹುದು. ತುದಿಯ ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದಿದ್ದರೆ ಕಬ್ಬಿಣದ ಕೊರತೆ. ಗಿಡದೊಳಗೆ ಕಬ್ಬಿಣ ಹಳೆಯ ಎಲೆ ಬಿಟ್ಟು ಹೊಸ ಎಲೆಗೆ ಹೋಗಲಾರದು. ಬುಡದ ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕದ ಕೊರತೆ. ಗಿಡ ಅದನ್ನು ಹಳೆಯ ಎಲೆಯಿಂದ ಕಿತ್ತು ಚಿಗುರಿಗೆ ಕೊಡುತ್ತದೆ. ಆರನೇ ವರ್ಷಕ್ಕೆ ಇಷ್ಟು ನೋಡಿ ಹೇಳಬಲ್ಲ ಮಗುವಿಗೆ ವಿಜ್ಞಾನ ಎಂದರೇನೆಂದು ಮುಂದೆ ಯಾರೂ ವ್ಯಾಖ್ಯೆ ಕೊಡಬೇಕಾಗಿಲ್ಲ.

ಇಲ್ಲಿ ತಿಪ್ಪೆಗೊಬ್ಬರ ಏಕೆ ಮುಖ್ಯ ಎಂಬುದೂ ಇದರಿಂದಲೇ ತಿಳಿಯುತ್ತದೆ. ಎರೆಯ ಕರಿಬಣ್ಣ ಕಂಡು ಫಲವತ್ತು ಎಂದು ನಂಬುತ್ತೇವೆ. ಆದರೆ ಅದರಲ್ಲಿ ಕೊಳೆತ ಎಲೆ, ಸಗಣಿಯಿಂದ ಬರುವ ಸಾವಯವ ಅಂಶ ಬಹಳ ಕಡೆ ಕಡಿಮೆಯೇ. ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿದರೆ ಹೆಂಟೆ ಸಡಿಲಾಗುತ್ತದೆ, ಬಿರುಕು ತಗ್ಗುತ್ತದೆ, ಕಬ್ಬಿಣ ಬೇರಿಗೆ ಸಿಗುವ ರೂಪದಲ್ಲಿ ಉಳಿಯುತ್ತದೆ. ಎರೆಯಲ್ಲಾದರೆ ಮಡಿಯನ್ನು ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರಿಸಬೇಕು, ಇಲ್ಲದಿದ್ದರೆ ಭಾದ್ರಪದದ ಮಳೆಗೆ ನೀರು ನಿಂತು ಬೇರು ಉಸಿರುಗಟ್ಟುತ್ತದೆ. ಅಗಲ ಎರಡೂವರೆ ಅಡಿ ಮೀರದಿರಲಿ. ಎರಡು ಬದಿಯಿಂದಲೂ ಮಗುವಿನ ಕೈ ನಡುವಿಗೆ ಮುಟ್ಟಬೇಕು. ಕಾಲಿಟ್ಟರೆ ಹಸಿ ಎರೆ ಕಲ್ಲಾಗುತ್ತದೆ. ಉದ್ದ ಎಷ್ಟಿದ್ದರೂ ಸರಿ.

ಇನ್ನು ಬೀಜ. ಮಕ್ಕಳಿಗೆ ಕೊಡುವ ಮೊದಲ ಬೀಜ ಮೆಂತೆಯದೇ ಆಗಲಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಡಿಗೆಮನೆಯ ಡಬ್ಬಿಯಲ್ಲಿ ಸಿಗುತ್ತದೆ, ಮೂರು ನಾಲ್ಕು ದಿನದಲ್ಲಿ ನೆಲದ ಮೇಲೆ ಕಾಣುತ್ತದೆ, ತಿಂಗಳೊಳಗೆ ಪಲ್ಲೆಯಾಗುತ್ತದೆ. ನಾಲ್ಕು ವರ್ಷದ ಕೂಸಿನ ತಾಳ್ಮೆ ಅಷ್ಟಕ್ಕೆ ಸಾಕಾಗುತ್ತದೆ. ಕೊತ್ತಂಬರಿ ಕಾಳು ಎರಡು ವಾರ ಕಾಯಿಸುತ್ತದೆ. ನಾವು ಬೀಜ ಎನ್ನುವ ಆ ದುಂಡನೆಯ ಕಾಳು ನಿಜಕ್ಕೂ ಒಂದು ಹಣ್ಣು, ಒಳಗೆ ಎರಡು ಬೀಜ ಇರುತ್ತವೆ. ಹಿರಿಯರು ಬಿತ್ತುವ ಮೊದಲು ಅದನ್ನು ಮೆಲ್ಲಗೆ ತಿಕ್ಕಿ ಎರಡು ಹೋಳು ಮಾಡುವುದು ಅದಕ್ಕೇ. ಈ ಕೆಲಸವನ್ನು ಮಕ್ಕಳಿಗೆ ಬಿಟ್ಟರೆ ಅವರು ಅದರಲ್ಲೇ ಒಂದು ಹೊತ್ತು ಕಳೆಯುತ್ತಾರೆ.

ಮೊಳಕೆಯ ಪಾಠಕ್ಕೆ ನಮ್ಮ ಮನೆಗಳಲ್ಲಿ ಹಬ್ಬದ ಏರ್ಪಾಡೇ ಇದೆ. ನವರಾತ್ರಿಯಲ್ಲಿ ಘಟ್ಟ ಹಾಕುವ ಮನೆಗಳಲ್ಲಿ ದೇವರ ಮುಂದೆ ಮಣ್ಣು ಹರಡಿ, ಕಾಳು ಬಿತ್ತಿ, ನಡುವೆ ನೀರಿನ ಕಲಶ ಇಡುತ್ತಾರೆ. ಒಂಬತ್ತು ದಿನದಲ್ಲಿ ಪೈರು ಗೇಣುದ್ದ ಬೆಳೆಯುತ್ತದೆ. ಬಣ್ಣ ಮಾತ್ರ ಹೊಲದ ಹಸಿರಲ್ಲ, ಎಳೆ ಹಳದಿ. “ಅವ್ವ, ಹೊಲದಾಗಿನ ಪೈರು ಹಸರ ಅದ, ಇದ್ಯಾಕ ಅರಿಷಿಣ ಆಗ್ಯದ?” ಎಂದು ಕೇಳುವ ಮಗು ಸಸ್ಯವಿಜ್ಞಾನದ ಒಳ್ಳೆಯ ಪ್ರಶ್ನೆಯನ್ನೇ ಕೇಳುತ್ತಿದೆ. ದೇವರಮನೆಯ ಮೂಲೆಯಲ್ಲಿ ಬೆಳಕು ಕಡಿಮೆ. ಬೆಳಕು ಸಿಗದ ಮೊಳಕೆ ತಾನಿನ್ನೂ ನೆಲದಡಿಯೇ ಇದ್ದೇನೆಂಬ ಲೆಕ್ಕದಲ್ಲಿ, ಹಸಿರು ತಯಾರಿಸದೆ, ಬೀಜದಲ್ಲಿನ ಬುತ್ತಿಯನ್ನೆಲ್ಲ ಉದ್ದಕ್ಕೆ ಬೆಳೆಯಲು ಸುರಿಯುತ್ತದೆ. ಬೆಳಕು ಬಿದ್ದದ್ದನ್ನು ಅರಿಯುವ ವರ್ಣದ್ರವ್ಯ ಎಲೆ ಕಾಂಡಗಳಲ್ಲಿದೆ. ಅದು ಸೂಚನೆ ಕೊಟ್ಟ ಮೇಲೆಯೇ ಹಸಿರಿನ ಕೆಲಸ ಶುರು. ಎರಡು ಡಬ್ಬಿಯಲ್ಲಿ ಗೋಧಿ ಬಿತ್ತಿ, ಒಂದನ್ನು ಕಿಟಕಿಯಲ್ಲಿ, ಇನ್ನೊಂದನ್ನು ಬುಟ್ಟಿ ಮುಚ್ಚಿ ಇಟ್ಟರೆ ತರಗತಿಯೆಲ್ಲ ನೋಡಬಹುದು. 1880ರಲ್ಲಿ ಚಾರ್ಲ್ಸ್ ಡಾರ್ವಿನ್ ಮಗ ಫ್ರಾನ್ಸಿಸ್ ಜೊತೆ ಪ್ರಕಟಿಸಿದ ಪುಸ್ತಕದಲ್ಲಿ ಇಂಥದೇ ಹುಲ್ಲಿನ ಮೊಳಕೆಯ ಪ್ರಯೋಗ ಇದೆ. ಮೊಳಕೆಯ ತುದಿಗೆ ಪುಟ್ಟ ಟೋಪಿ ಹಾಕಿ ಬೆಳಕು ತಡೆದರೆ ಅದು ಬೆಳಕಿನತ್ತ ಬಾಗುವುದಿಲ್ಲ. ಬುಡವನ್ನಷ್ಟೇ ಮುಚ್ಚಿದರೆ ಬಾಗುತ್ತದೆ. ಬೆಳಕನ್ನು ಕಾಣುವುದು ತುದಿ, ಬಾಗುವುದು ಅದರ ಕೆಳಗಿನ ಭಾಗ. ಚಾಕಲೇಟಿನ ಬೆಳ್ಳಿಕಾಗದ ಇದ್ದರೆ ಮಕ್ಕಳು ಇದನ್ನೂ ಮಾಡಿ ನೋಡಬಹುದು.

ಬೀಜವನ್ನು ತಲೆಕೆಳಗಾಗಿ ನೆಟ್ಟರೆ ಏನಾದೀತು ಎಂದು ಪ್ರತಿ ಮಗುವೂ ಒಮ್ಮೆ ಕೇಳುತ್ತದೆ. ಉತ್ತರ ಹೇಳಬೇಡಿ. ಗಾಜಿನ ಲೋಟದ ಒಳಬದಿಗೆ ಒದ್ದೆ ಕಾಗದ ಸುತ್ತಿ, ಗಾಜಿಗೂ ಕಾಗದಕ್ಕೂ ನಡುವೆ ಅವರೆಕಾಳನ್ನು ನೆಟ್ಟಗೆ, ಅಡ್ಡ, ಬುಡಮೇಲು ಇಡಿಸಿ. ಹೇಗಿಟ್ಟರೂ ಬೇರು ಸುತ್ತಿಕೊಂಡು ಕೆಳಗೇ ಇಳಿಯುತ್ತದೆ. ಬೇರಿನ ತುದಿಯ ಕೋಶಗಳಲ್ಲಿ ಪಿಷ್ಟದ ಭಾರವಾದ ಹರಳುಗಳಿವೆ. ಅವು ಜಾರಿ ಕೂತ ಕಡೆಯೇ ಕೆಳಗು ಎಂದು ಬೇರಿಗೆ ತಿಳಿಯುತ್ತದೆ. ಥಾಮಸ್ ಆಂಡ್ರ್ಯೂ ನೈಟ್ ಎಂಬ ಇಂಗ್ಲಿಷ್ ತೋಟಗಾರ 1806ರಲ್ಲಿ ತಿರುಗುವ ನೀರಿನ ಚಕ್ರಕ್ಕೆ ಬೀಜ ಕಟ್ಟಿ, ಬೇರುಗಳು ಚಕ್ರದ ಹೊರಗಡೆಗೆ ಬೆಳೆದದ್ದನ್ನು ತೋರಿಸಿ, ಬೇರನ್ನು ನಡೆಸುವುದು ಭಾರದ ಸೆಳೆತವೇ ಎಂದು ಸಾಬೀತು ಮಾಡಿದ. ಲೋಟದಲ್ಲಿ ಇನ್ನೊಂದು ಸಂಗತಿ ಕಾಣುತ್ತದೆ. ಅವರೆ, ಹೆಸರು, ಸೌತೆಯ ದಳಗಳು ಮಣ್ಣು ಸೀಳಿ ಮೇಲೆ ಬರುತ್ತವೆ. ಕಡಲೆ, ತೊಗರಿಯವು ಒಳಗೇ ಉಳಿದು ಚಿಗುರನ್ನು ಮಾತ್ರ ಕಳಿಸುತ್ತವೆ. ಚಿಗುರನ್ನು ಕೋಳಿ ಕುಕ್ಕಿದರೆ ಯಾವುದು ಮತ್ತೆ ಚಿಗುರಬಹುದು ಎಂದು ಕೇಳಿ ನೋಡಿ. ತೊಗರಿ, ಕಡಲೆ ಎಂದು ದೊಡ್ಡ ಮಕ್ಕಳು ಊಹಿಸಿಯೇ ಹೇಳುತ್ತಾರೆ.

ಮುಂಗಾರಿನ ಮಡಿಗೆ ಚವಳಿಕಾಯಿ, ಬೆಂಡೆ, ಹೀರೆ, ಕುಂಬಳ, ಪುಂಡಿ ಒಗ್ಗುತ್ತವೆ. ಟೊಮೆಟೊ, ಗಜ್ಜರಿ, ಪಾಲಕ್ ಹಿಂಗಾರಿಗೆ. ಹಗಲಿನ ಕಾವು 35 ಡಿಗ್ರಿ ದಾಟಿದರೆ ಟೊಮೆಟೊದ ಪರಾಗ ಕೆಡುತ್ತದೆ, ಹೂವು ಕಾಯಾಗದೆ ಉದುರುತ್ತದೆ. ಚವಳಿ ಗಿಡ ಇಲ್ಲಿಯ ಬಿಸಿಲಿಗೆ ಹೆದರುವುದಿಲ್ಲ. ಮಕ್ಕಳ ಮಡಿಯಲ್ಲಿ ಅದು ಇರಲೇಬೇಕು ಎನ್ನಲು ನನಗೆ ಇನ್ನೊಂದು ಕಾರಣವಿದೆ. ಹೂಬಿಡುವ ಹೊತ್ತಿಗೆ ಒಂದು ಗಿಡವನ್ನು ಬೇರುಸಹಿತ ಅಗೆದು, ಮೆಲ್ಲಗೆ ತೊಳೆದರೆ ಬೇರಿಗೆ ಸಣ್ಣ ಗಂಟುಗಳು ಅಂಟಿರುತ್ತವೆ. ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ತಿಳಿಗೆಂಪು. ಅಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಾ ಮನೆಮಾಡಿಕೊಂಡು, ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತಿದೆ. ಈ ಕೆಲಸಕ್ಕೆ ಆಮ್ಲಜನಕ ಹೆಚ್ಚಾದರೆ ಕೆಡುಕು, ಇಲ್ಲದಿದ್ದರೂ ಕೆಡುಕು. ಅದನ್ನು ಅಳತೆಯಲ್ಲಿ ಹಿಡಿದು ಕೊಡುವ ಪ್ರೋಟೀನಿನ ಬಣ್ಣವೇ ಆ ಕೆಂಪು. ಅದರ ಹೆಸರು ಲೆಗ್‌ಹಿಮೋಗ್ಲೋಬಿನ್. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಅದು ದೂರದ ಬಂಧು; ಎರಡರಲ್ಲೂ ಆಮ್ಲಜನಕ ಹಿಡಿಯುವುದು ಕಬ್ಬಿಣದ ಪರಮಾಣುವೇ. ಚವಳಿಯ ಬೇರಿನ ಗಂಟು ಕೆಂಪಾಗಿರುವುದಕ್ಕೂ, ಮೊಣಕಾಲು ತರಚಿದಾಗ ಬರುವ ರಕ್ತ ಕೆಂಪಾಗಿರುವುದಕ್ಕೂ ಒಂದೇ ಕಾರಣ. ಓಣಿಯ ಮರಳಿನಲ್ಲಿ ಅಯಸ್ಕಾಂತಕ್ಕೆ ಅಂಟಿದ್ದೂ ಇದೇ ಧಾತು ಎಂದು ಆ ಹೊತ್ತಿಗೆ ಹೇಳಬಹುದು.

ಹೂವಿನ ಮಾತಿಗೆ ಬಂದರೆ, ಹೀರೆಯನ್ನೂ ಕುಂಬಳವನ್ನೂ ಒಂದೇ ಬೇಲಿಗೆ ಹಬ್ಬಿಸಬೇಕು. ಕುಂಬಳದ ಹೂವು ಬೆಳಗಿನ ಜಾವ ಅರಳಿ ಬಿಸಿಲೇರುವ ಹೊತ್ತಿಗೆ ಮುದುಡುತ್ತದೆ. ಅದರ ನಂಟು ಜೇನುಹುಳಗಳ ಜೊತೆ. ಹೀರೆಯ ಹೂವು ಅರಳುವುದು ಸಂಜೆ, ಶಾಲೆಯ ಗಂಟೆ ಬಾರಿಸಿ ಎಲ್ಲರೂ ಹೋದ ಮೇಲೆ. ಪತಂಗಗಳು ಬರುವ ಹೊತ್ತು ಅದು. ಹಗಲು ಮಾತ್ರ ತೋಟ ನೋಡುವವರಿಗೆ ಹೀರೆ ಅರಳುವುದೇ ಕಾಣುವುದಿಲ್ಲ. ಆದ್ದರಿಂದ ಶಾಲೆಯ ಪಕ್ಕದ ಮನೆಯ ಮಕ್ಕಳಿಗೆ ಸಂಜೆಯ ಕಾವಲು ಒಪ್ಪಿಸಿ, ಮರುದಿನ ಅವರಿಂದ ವರದಿ ಕೇಳಬೇಕು. “ಹೂ ರಗಡ ಬರ್ತದ, ಕಾಯಿ ಬರವಲ್ದು” ಎಂಬ ದೂರು ಮೊದಲ ವಾರಗಳಲ್ಲಿ ಎಲ್ಲ ಬಳ್ಳಿಗಳ ಮೇಲೂ ಇರುತ್ತದೆ. ಮೊದಲು ಬರುವುದು ಗಂಡು ಹೂವು. ಹಗಲು ಉದ್ದ, ಕಾವು ಹೆಚ್ಚು ಇದ್ದಾಗ ಅವೇ ಹೆಚ್ಚು. ಹೂವಿನ ಬೆನ್ನಿಗೆ ಪುಟ್ಟ ಕಾಯಿ ಅಂಟಿದ್ದರೆ ಅದು ಹೆಣ್ಣು. ಗಂಡು ಹೂವು ಕಿತ್ತು ಅದರ ಪರಾಗವನ್ನು ಹೆಣ್ಣು ಹೂವಿನ ನಡುವಿಗೆ ಒರೆಸಿದ ಮಗು, ಮುಂದಿನ ಹದಿನೈದು ದಿನ ಆ ಕಾಯಿಯನ್ನು ಬೇರೆಯವರು ಮುಟ್ಟಲು ಬಿಡುವುದಿಲ್ಲ.

ನೀರು ಹಾಕುವುದೆಂದರೆ ಮಕ್ಕಳಿಗೆ ಹಬ್ಬ. ಗಿಡಗಳು ಸಾಯುವುದೂ ಬಹುಪಾಲು ಇದರಿಂದಲೇ, ಎರೆಯಲ್ಲಂತೂ ಖಂಡಿತ. ಇದಕ್ಕೆ ಒಳ್ಳೆಯ ಪರಿಹಾರ ಹೊಳಪು ಹಚ್ಚದ ಮಣ್ಣಿನ ಗಡಿಗೆ. ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿ, ಸುತ್ತ ಬಳ್ಳಿ ಹಾಕಬೇಕು. ಮಣ್ಣು ಒಣಗಿದಷ್ಟು ನೀರು ಗೋಡೆಯ ಸಣ್ಣ ರಂಧ್ರಗಳಿಂದ ಜಿನುಗುತ್ತದೆ, ಹಸಿಯಿದ್ದಾಗ ತಾನೇ ನಿಲ್ಲುತ್ತದೆ. ಚೀನಾದಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಫಾನ್ ಶೆಂಗ್‌ಜಿ ಬರೆದ ಕೃಷಿಗ್ರಂಥದಲ್ಲೇ ಈ ವಿಧಾನದ ವಿವರ ಇದೆ. ಮಕ್ಕಳು ಎಷ್ಟು ಸುರಿದರೂ ಗಡಿಗೆ ತುಂಬಿತೆಂದರೆ ಮುಗಿಯಿತು. ಬಿಸಿಯೂಟದ ಅಕ್ಕಿ ತೊಳೆದ ನೀರು ಇದಕ್ಕೆ ಬೇಡ, ರಂಧ್ರ ಕಟ್ಟಿಕೊಳ್ಳುತ್ತವೆ; ಅದನ್ನು ನೇರ ನುಗ್ಗೆಯ ಬುಡಕ್ಕೆ ಹಾಕಿ. ಶಾಲೆಗೆ ರಜೆ ಬಿದ್ದು ಏಪ್ರಿಲ್–ಮೇಯಲ್ಲಿ ಮಡಿಯೆಲ್ಲ ಒಣಗಿದಾಗಲೂ ನಿಲ್ಲುವ ಗಿಡ ನುಗ್ಗೆ. ಅದಕ್ಕೊಂದು ಮೂಲೆ ಮೊದಲ ವರ್ಷವೇ ಮೀಸಲಿಡಬೇಕು.

ಮಕ್ಕಳನ್ನು ಮಣ್ಣಿಗಿಳಿಸುವವರು ಕೆಲವು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಬೇಕು. ಇದು ಹತ್ತಿಯ ಸೀಮೆ. ಕೀಟನಾಶಕದ ಖಾಲಿ ಡಬ್ಬಿಗಳು ಮನೆಮನೆಯ ಹಿತ್ತಲಲ್ಲಿವೆ. ಎಷ್ಟು ತೊಳೆದರೂ ಅದರಲ್ಲಿ ಮಗು ನೀರು ತರಬಾರದು. ಅಂಗಡಿಯ ಬೀಜ ಗುಲಾಬಿ, ನೀಲಿ, ಹಸಿರು ಬಣ್ಣ ಬಳಿದುಕೊಂಡಿದ್ದರೆ ಅದಕ್ಕೆ ಔಷಧ ಲೇಪಿಸಿದ್ದಾರೆಂದು ಅರ್ಥ. ಅದನ್ನು ಎಳೆಯ ಕೈಗೆ ಕೊಡಲೇಬಾರದು. ಬೇಲಿಯ ಔಡಲ ಬೀಜ, ಗುಲಗಂಜಿ, ಮದಗುಣಕಿ ಕಾಯಿ ವಿಷ ಎಂದು ಮೊದಲ ದಿನವೇ ತೋರಿಸಿ ಹೇಳಬೇಕು. ಹೆಸರಿನ ಮೊಳಕೆ ತಿನ್ನಬಹುದು, ಜೋಳದ ಮೊಳಕೆ ಬೇಡ; ಎಳೆಯ ಜೋಳದಲ್ಲಿ ಸಯನೈಡ್ ಬಿಡುವ ವಸ್ತು ಇದೆ, ಎಳೆ ಜೋಳ ಮೇಯ್ದ ದನ ಸಾಯುವುದು ಅದರಿಂದಲೇ. ಎಲ್ಲಕ್ಕಿಂತ ಮುಖ್ಯ, ಕಾಲಿಗೆ ಚಪ್ಪಲಿ. ಬಯಲುಶೌಚದಿಂದ ಕೆಟ್ಟ ಹಸಿಮಣ್ಣಿನಲ್ಲಿ ಕೊಕ್ಕೆಹುಳುವಿನ ಮರಿಗಳಿರುತ್ತವೆ. ಅವು ಬರಿಗಾಲಿನ ಚರ್ಮ ಕೊರೆದು ಒಳಹೊಕ್ಕು, ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತವೆ. ಮಗುವಿಗೆ ಕಬ್ಬಿಣ ಕೊಡಲೆಂದು ಹಾಕಿದ ಮಡಿಯೇ ಕಬ್ಬಿಣ ಕದಿಯುವ ಜಾಗ ಆಗಬಾರದು. ಕೆಲಸ ಮುಗಿದ ಮೇಲೆ ಸಾಬೂನಿನಲ್ಲಿ ಕೈ ತೊಳೆಯುವುದು, ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದ ಮಾತ್ರೆ, ಇವೂ ತೋಟಗಾರಿಕೆಯ ಭಾಗವೇ.

ಬೆಳೆದದ್ದನ್ನು ಮಕ್ಕಳು ತಿನ್ನುತ್ತಾರೆಯೇ? ತಾವೇ ಬೆಳೆದ ಮಕ್ಕಳು ತಾವಾಗಿಯೇ ತಿನ್ನುತ್ತಾರೆ ಎಂದು ಬಹಳ ಜನ ನಂಬಿದ್ದಾರೆ. ಸಂಶೋಧನೆ ಅಷ್ಟು ಸಲೀಸಾಗಿ ಒಪ್ಪುವುದಿಲ್ಲ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದವರು ಲಂಡನ್ನಿನ ಪ್ರಾಥಮಿಕ ಶಾಲೆಗಳಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಾಲಾ ತೋಟವೊಂದರಿಂದಲೇ ಮಕ್ಕಳು ತಿನ್ನುವ ಹಣ್ಣು ತರಕಾರಿ ಹೆಚ್ಚಾಗುತ್ತದೆ ಎನ್ನಲು ಹೇಳಿಕೊಳ್ಳುವಂಥ ಆಧಾರ ಸಿಗಲಿಲ್ಲ. ತೋಟದ ಕೆಲಸವನ್ನು ಶಾಲೆಯ ಬದುಕಿಗೆ ಹೆಚ್ಚು ಹೆಚ್ಚು ಬೆರೆಸಿಕೊಂಡ ಶಾಲೆಗಳಲ್ಲಿ ಮಾತ್ರ ಫಲ ಚೆನ್ನಾಗಿತ್ತು. ಅಮೆರಿಕದ ಮನಶ್ಶಾಸ್ತ್ರಜ್ಞೆ ಲೀಯಾನ್ ಬರ್ಚ್ 1980ರ ದಶಕದಲ್ಲಿ ಪುಟ್ಟ ಮಕ್ಕಳೊಡನೆ ಮಾಡಿದ ಪ್ರಯೋಗಗಳು ಕಾರಣವನ್ನು ತೋರಿಸುತ್ತವೆ. ಹೊಸ ತಿನಿಸನ್ನು ಬರಿದೇ ನೋಡಿ ನೋಡಿ ಮಗುವಿಗೆ ರುಚಿ ಹತ್ತುವುದಿಲ್ಲ. ಮತ್ತೆ ಮತ್ತೆ ನಾಲಿಗೆಗೆ ಸೋಕಬೇಕು, ಎಂಟು ಹತ್ತು ಸಲವಾದರೂ. ಒಮ್ಮೆ ಉಗುಳಿದರೆ ಸೋಲಲ್ಲ. ಈ ಲೆಕ್ಕದಲ್ಲಿ ತೋಟಕ್ಕೂ ಅಡಿಗೆಗೂ ನಡುವೆ ದೂರ ಇರಕೂಡದು.

ಆ ದೂರ ಅಳಿಸಲು ನಮ್ಮಲ್ಲಿ ಸೌಕರ್ಯ ಇದೆ. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ಮೊದಲು ಶುರುವಾದದ್ದೇ ರಾಯಚೂರು ಸೇರಿದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ. ಶಾಲೆಯ ಆವರಣದಲ್ಲಿ ಪೌಷ್ಟಿಕ ಕೈತೋಟ ಬೆಳೆಸಿ, ಬೆಳೆದದ್ದನ್ನು ಬಿಸಿಯೂಟಕ್ಕೆ ಬಳಸಬೇಕೆಂದು ಕೇಂದ್ರದ ಆಗಿನ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯ 2019ರಲ್ಲಿ ಮಾರ್ಗಸೂಚಿಯನ್ನೂ ಹೊರಡಿಸಿದೆ. ಒಂದು ಮಡಿಯ ಮೆಂತೆ ಇಡೀ ಶಾಲೆಯ ಸಾಂಬಾರಿಗೆ ಸಾಲದಿರಬಹುದು. ಚಿಂತೆಯಿಲ್ಲ, ಹಸಿಯಾಗಿಯೇ ತಿನ್ನಲಿ. ರೊಟ್ಟಿಯ ಜೊತೆ ಹಸಿ ಹಕ್ಕರಕಿ, ಹಸಿ ಮೆಂತೆ, ಉಳ್ಳಾಗಡ್ಡಿ ಕಡಿದು ತಿನ್ನುವುದು ಈ ಸೀಮೆಯ ಹಳೆಯ ರೂಢಿ. ಹಕ್ಕರಕಿಯನ್ನು ಬಿತ್ತುವುದೂ ಬೇಡ, ಹೊಲದಲ್ಲಿ ತಾನೇ ಬರುತ್ತದೆ. ಈ ತಿನಿಸನ್ನು ಬಡವರದೆಂದು ಕಡೆಗಣಿಸುತ್ತಿರುವುದು ನನಗೆ ನೋವಿನ ಸಂಗತಿ.

ತಾಟಿಗೆ ಬಂದ ಮೇಲೂ ಕಬ್ಬಿಣದ ದಾರಿ ಮುಗಿಯುವುದಿಲ್ಲ. ಸೊಪ್ಪು, ಕಾಳುಗಳ ಕಬ್ಬಿಣ ನಮ್ಮ ಕರುಳಿಗೆ ಸುಲಭವಾಗಿ ದಕ್ಕುವ ರೂಪದಲ್ಲಿಲ್ಲ. ಎರೆಮಣ್ಣಿನಲ್ಲಿ ಬೇರಿಗೆ ಬಂದ ತೊಂದರೆಯೇ ಇಲ್ಲಿ ಕರುಳಿಗೆ ಬರುತ್ತದೆ, ಪರಿಹಾರವೂ ಅದೇ: ಹುಳಿ. ವಿಟಮಿನ್ ಸಿ ಕಬ್ಬಿಣವನ್ನು ಕರಗುವ ರೂಪಕ್ಕೆ ತಂದು, ಸಣ್ಣಕರುಳಿನ ಗೋಡೆ ದಾಟಿಸುತ್ತದೆ. ಕುದಿಸಿದರೆ ಅದು ನಶಿಸುವುದರಿಂದ ನಿಂಬೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು. ಪೇರಲಹಣ್ಣು ಇನ್ನೂ ಒಳ್ಳೆಯದು. ಒಣ ಹೆಸರುಕಾಳಿನಲ್ಲಿ ಹೆಚ್ಚುಕಡಿಮೆ ಇಲ್ಲದ ಈ ವಿಟಮಿನ್ ಮೊಳಕೆ ಬಂದಾಗ ಹುಟ್ಟುತ್ತದೆ; ಕಬ್ಬಿಣವನ್ನು ಕಟ್ಟಿಹಾಕುವ ಫೈಟೇಟ್ ಅದೇ ಹೊತ್ತಿಗೆ ಕಡಿಮೆಯಾಗುತ್ತದೆ. ಇದಕ್ಕೆ ತದ್ವಿರುದ್ಧ ಕೆಲಸ ಚಹಾದ್ದು. ಮಗುವಿಗೆ ಬೆಳಗ್ಗೆ ರೊಟ್ಟಿಯ ಜೊತೆ ಚಹಾ ಕೊಟ್ಟರೆ ಅದರ ಒಗರು ಆ ಊಟದ ಕಬ್ಬಿಣವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಇಷ್ಟೆಲ್ಲ ಮಾಡಿದರೂ ಈಗಾಗಲೇ ರಕ್ತ ಕಡಿಮೆಯಾದ ಮಗುವಿಗೆ ಸೊಪ್ಪೊಂದೇ ಔಷಧವಾಗದು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಗುಲಾಬಿ ಬಣ್ಣದ ಕಬ್ಬಿಣದ ಮಾತ್ರೆಯನ್ನು ತಪ್ಪದೆ ನುಂಗಿಸಿ, ವೈದ್ಯರಿಗೂ ತೋರಿಸಬೇಕು. ಮಡಿ ಮಾಡುವ ಕೆಲಸ ಬೇರೆ. ತನ್ನ ಮೈಯೊಳಗೆ ಏನು ನಡೆಯುತ್ತದೆ, ಅದಕ್ಕೂ ಈ ನೆಲಕ್ಕೂ ಏನು ಸಂಬಂಧ ಎಂಬುದನ್ನು ಅದು ಮಗುವಿಗೆ ತಿಳಿಸಿಕೊಡುತ್ತದೆ.

ಶಿಕ್ಷಕರಲ್ಲಿ, ಅಂಗನವಾಡಿ ಕಾರ್ಯಕರ್ತೆಯರಲ್ಲಿ, ತಂದೆತಾಯಿಯರಲ್ಲಿ ನನ್ನದೊಂದು ಕೋರಿಕೆ. ಬರುವ ಜೂನ್‌ನಲ್ಲಿ ಎರಡು ಮಳೆ ಬಿದ್ದು ನೆಲ ಹದಕ್ಕೆ ಬಂದಾಗ, ಮಕ್ಕಳಿಗಾಗಿ ಒಂದೇ ಒಂದು ಮಡಿ ಬಿಟ್ಟುಕೊಡಿ. ಗಂಡುಮಕ್ಕಳಿಗೆ ಸಲಿಕೆ, ಹೆಣ್ಣುಮಕ್ಕಳಿಗೆ ಕೊಡ ಎಂದು ಹಂಚಬೇಡಿ. ಎಲ್ಲರೂ ಎಲ್ಲವನ್ನೂ ಮಾಡಲಿ. ಏನು ಬಿತ್ತಬೇಕೆಂದು ಅವರನ್ನೇ ಕೇಳಿ, ಸಾಲು ಸೊಟ್ಟಗಾದರೆ ತಿದ್ದಬೇಡಿ. ಪಲ್ಲೆ ಕೊಯ್ದ ದಿನವೇ ಅವರ ತಾಟಿಗೆ ಬಡಿಸಿ, ಮೇಲೆ ನಿಂಬೆಹಣ್ಣು ಹಿಂಡಿ.